ಬಿಸಿ ಕೈಯವಳ ಫಾಂಡೆಂಟ್

ನನ್ನ ಕೈ ಬಿಸಿ. ಹುಟ್ಟಿದಾಗಿನಿಂದ ಹಾಗೇ, ಜ್ವರ ಬಂದವರ ಕೈ ಇದ್ದಂತೆ. ಬೇರೆ ಕಸುಬಿನವರಿಗೆ ಇದೊಂದು ವಿಷಯವೇ ಅಲ್ಲ. ಕೇಕಿನ ಮೇಲೆ ಸಕ್ಕರೆ ಹೊದಿಸಿ ಹೊಟ್ಟೆ ಹೊರೆಯುವವಳಿಗೆ ಮಾತ್ರ ಇದಕ್ಕಿಂತ ದೊಡ್ಡ ಪೀಡೆ ಇನ್ನೊಂದಿಲ್ಲ.

ಅಕ್ಕನ ಕೈ ತಣ್ಣಗೆ. ಅದಕ್ಕೇ ನಮ್ಮಿಬ್ಬರಲ್ಲಿ ಕೆಲಸ ತಾನಾಗಿಯೇ ಹಂಚಿಹೋಗಿತ್ತು. ಮಾರ್ಷ್‌ಮ್ಯಾಲೋ ಅನ್ನುವ ಮೆತ್ತನೆ ಮಿಠಾಯಿ ಕರಗಿಸಿ, ಪುಡಿ ಸಕ್ಕರೆ ಸೇರಿಸಿ, ನಾದಿ ನಾದಿ ಫಾಂಡೆಂಟ್, ಅಂದರೆ ಕೇಕಿಗೆ ಹೊದಿಸುವ ಸಕ್ಕರೆ ಹಿಟ್ಟು, ಮಾಡುವುದು ಅವಳ ಪಾಲು. ಅಂಗಡಿಯಲ್ಲಿ ಸಿಗುವ ಡಬ್ಬಿ ಫಾಂಡೆಂಟನ್ನು ಅವಳು ಹೊಸಿಲು ದಾಟಲು ಬಿಡುತ್ತಿರಲಿಲ್ಲ. "ಅದನ್ನ ತಿನ್ನೋದಕ್ಕಿಂತ ಸೋಪು ತಿನ್ನಬಹುದು" ಅನ್ನುತ್ತಿದ್ದಳು. ಅವಳು ನಾದಿದ್ದನ್ನು ರಾತ್ರಿಯಿಡೀ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟು ಬೆಳಿಗ್ಗೆ ನನ್ನ ಕೈಗೆ ಕೊಟ್ಟರೆ, ಅದನ್ನು ಲಟ್ಟಿಸಿ ಕೇಕಿಗೆ ಹೊದಿಸುವುದು, ಹೂವು, ಎಲೆ, ರಿಬ್ಬನ್ನು ಮಾಡಿ ಅಂಟಿಸುವುದು ನನ್ನ ಪಾಲು. ಒಬ್ಬಳ ಕೆಲಸಕ್ಕೆ ಇನ್ನೊಬ್ಬಳು ಕೈ ಹಾಕಿದರೆ ಜಗಳ ಗ್ಯಾರಂಟಿ. ಹಾಕದಿದ್ದರೂ ಜಗಳ ಆಗುತ್ತಿತ್ತು, ಅದು ಬೇರೆ ಮಾತು.

"ಏನಕ್ಕಾ ಇದು, ಉಂಡೆ ಕೇಳಿದ್ರೆ ಕಲ್ಲು ಕೊಟ್ಟಿದ್ದೀಯ" ಅಂತ ನಾನು ಪ್ರತಿ ಸಲವೂ ಗೊಣಗುತ್ತಿದ್ದೆ.

"ಎರಡು ನಿಮಿಷ ಕೈಲಿ ಇಟ್ಕೊಂಡು ಮೆದು ಮಾಡೇ, ಸರಿಹೋಗುತ್ತೆ" ಅಂತ ಅವಳು ಪ್ರತಿ ಸಲವೂ ಹೇಳುತ್ತಿದ್ದಳು. ಸರಿಹೋಗುತ್ತಿತ್ತು ಕೂಡ. ಹೊದಿಸಿದರೆ ಒಂದು ಸುಕ್ಕಿಲ್ಲ, ಒಂದು ಬಿರುಕಿಲ್ಲ. ಮನೆಯ ಮುಂದೆ 'ಅಕ್ಕ ತಂಗಿ ಕೇಕ್' ಅಂತ ಬೋರ್ಡು ಹಾಕಿದ್ದೆವು. ಜನ ಹುಡುಕಿಕೊಂಡು ಬರುತ್ತಿದ್ದರು.

ಹೋದ ವರ್ಷ ಅಕ್ಕ ಮದುವೆಯಾದಳು. ಐವತ್ತು ದಾಟಿದ ಮೇಲೆ. ನಗುವುದಿದ್ದರೆ ನಕ್ಕುಬಿಡಿ, ನಾನು ನಕ್ಕಾಯಿತು. ಅದೂ ಯಾರನ್ನು? ಹಲ್ಲಿನ ಡಾಕ್ಟರನ್ನು. ಬದುಕೆಲ್ಲ ಸಕ್ಕರೆ ತಿನ್ನಿಸಿ ಊರ ಮಕ್ಕಳ ಹಲ್ಲು ಹಾಳು ಮಾಡಿದವಳು ಹಲ್ಲು ಕೀಳುವವನ ಕೈ ಹಿಡಿದಳು. ಆಗ ವಾರಕ್ಕೊಂದು ದಿನ ನಮ್ಮೂರ ಆಸ್ಪತ್ರೆಗೆ ಬಂದುಹೋಗುತ್ತಿದ್ದ ಆತ, ತನ್ನ ತಾಯಿಯ ಹುಟ್ಟಿದ ದಿನಕ್ಕೆ ಕೇಕ್ ಹೇಳಲು ಬಂದವನು. ಮುಂದಿನ ವಾರ ಕೇಕ್ ಚೆನ್ನಾಗಿತ್ತು ಅಂತ ಹೇಳಲು ಬಂದ. ಅದರ ಮುಂದಿನ ವಾರ ಹೇಳಲು ಏನೂ ಇಲ್ಲದೆ ಬಂದು, ನಾವು ಕೊಟ್ಟ ಕಾಫಿ ಕುಡಿದು ಹೋದ. ಆಗಲೇ ನನಗೆ ವಿಷಯ ತಿಳಿದುಹೋಗಿತ್ತು. ಹೆಂಡತಿ ತೀರಿಕೊಂಡು ತುಂಬ ವರ್ಷವಾಗಿತ್ತಂತೆ. ಒಳ್ಳೆಯ ಮನುಷ್ಯ, ಮೆತ್ತಗೆ ಮಾತಾಡುತ್ತಾನೆ, ತಾನು ಕುಡಿದ ಲೋಟ ತಾನೇ ತೊಳೆದಿಡುತ್ತಾನೆ. ಬೈಯೋಣ ಅಂದರೆ ಒಂದು ಕಾರಣ ಸಿಗುವುದಿಲ್ಲ, ಅದೇ ನನಗೆ ಸಿಟ್ಟು. ಭಾವ ಅಂತ ಕರೆಯಲು ಇವತ್ತಿಗೂ ನಾಲಿಗೆ ಹೊರಳುವುದಿಲ್ಲ, ಡಾಕ್ಟ್ರೇ ಅಂತಲೇ ಅನ್ನುತ್ತೇನೆ.

ಹೊರಡುವ ಮುಂಚೆ ಅಕ್ಕ ಹೇಳಿದಳು, "ಪುಟ್ಟಿ, ಒಂದು ವಾರ ನನ್ನ ಜೊತೆ ನಿಂತು ಹದ ಕಲ್ತ್ಕೋ. ಆಮೇಲೆ ಹೋಗ್ತೀನಿ." ನನಗೆ ಕೂದಲು ನೆರೆತರೂ ಅವಳಿಗೆ ನಾನು ಪುಟ್ಟಿಯೇ.

"ಬೇಕಾಗಿಲ್ಲ" ಅಂದೆ. "ಇಷ್ಟು ವರ್ಷ ಪಕ್ಕದಲ್ಲೇ ನಿಂತು ನೋಡಿಲ್ವಾ? ಅದೇನು ಬ್ರಹ್ಮವಿದ್ಯೆನಾ? ನಿನ್ನ ಸಂಸಾರ ನೀನು ನೋಡ್ಕೋ, ನನ್ನ ಕೆಲಸ ನಾನು ನೋಡ್ಕೋತೀನಿ."

ಅವಳು ಸೂಟ್‌ಕೇಸಿನ ಜಿಪ್ಪು ಎಳೆದಳು, ಅದು ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತು, ಡಾಕ್ಟರು ಬಂದು ಸರಿಮಾಡಿದರು. ಬಸ್ಸಿನಲ್ಲಿ ಅರ್ಧ ದಿನದ ಹಾದಿ ಅವರ ಊರು. ನಾನು ಬಾಗಿಲವರೆಗೆ ಹೋಗಿ ಬಿಟ್ಟುಬಂದೆ, ಬಸ್ ನಿಲ್ದಾಣಕ್ಕೆ ಹೋಗಲಿಲ್ಲ.

ಆಮೇಲಿನದು ಕ್ರೀಮ್ ಕೇಕಿನ ಕಾಲ. ಫಾಂಡೆಂಟ್ ಬೇಕು ಅಂತ ಬಂದವರಿಗೆ "ಈಗ ಅದೆಲ್ಲ ಯಾರು ಮಾಡಿಸ್ತಾರೆ, ಫ್ಯಾಶನ್ ಹೋಯ್ತು" ಅಂತ ಮುಖದ ಮೇಲೆ ಹೊಡೆದ ಹಾಗೆ ಹೇಳಿ ಕ್ರೀಮು ಬಳಿದು ಕೊಡುತ್ತಿದ್ದೆ. ಕ್ರೀಮಿಗೆ ಹದ ಗಿದ ಅಂತ ತಲೆಬಿಸಿ ಇಲ್ಲ, ಯಂತ್ರ ತಿರುಗಿಸಿದರೆ ಆಯಿತು. ಕೆಲವರು ಒಪ್ಪಿದರು, ಹೆಚ್ಚಿನವರು "ನೋಡ್ತೀವಿ" ಅಂತ ಹೋದವರು ತಿರುಗಿ ಬರಲಿಲ್ಲ.

ಮನೆಯಲ್ಲಿ ನಾನೊಬ್ಬಳೇ. ಈ ಮಾತು ಬೇರೆಯವರ ಬಾಯಲ್ಲಿ ಕೇಳಿದಾಗ ಏನೂ ಅನ್ನಿಸುತ್ತಿರಲಿಲ್ಲ. ನಮ್ಮ ಕೆಲಸದ ಮೇಜು ದೊಡ್ಡದು, ಅಡುಗೆಮನೆಯ ಅರ್ಧ ಅದೇ ತುಂಬಿದೆ. ಕಿಟಕಿಯ ಕಡೆ ಅಕ್ಕ, ಬಾಗಿಲ ಕಡೆ ನಾನು. ಈಗ ಇಡೀ ಮೇಜು ನನ್ನದೇ, ಆದರೂ ಬಾಗಿಲ ಕಡೆಯೇ ನಿಂತು, ಮೊಣಕೈ ಒಳಕ್ಕೆಳೆದುಕೊಂಡು ಕೆಲಸ ಮಾಡುತ್ತೇನೆ. ಕಿಟಕಿಯ ಕಡೆ ಒಂದು ಚಮಚ ಇಡಲೂ ಮನಸ್ಸಾಗುವುದಿಲ್ಲ. ಸಾರು ಕುದಿಯುವಾಗ "ಉಪ್ಪು ನೋಡೇ" ಅಂತ ಬಾಯಿಗೆ ಬಂದುಬಿಡುತ್ತದೆ, ಆಮೇಲೆ ನಾನೇ ನೋಡುತ್ತೇನೆ. ಅನ್ನ ಎಷ್ಟು ಕಡಿಮೆ ಇಟ್ಟರೂ ಮಿಗುತ್ತದೆ. ಜಗಳ ಆಡಲು ಯಾರೂ ಇಲ್ಲದ ಮನೆಯಲ್ಲಿ ಸಿಟ್ಟು ಎಲ್ಲಿಗೆ ಹೋಗಬೇಕು? ಫ್ರಿಜ್ಜಿನ ಬಾಗಿಲನ್ನು ಧಡಾರಂತ ಹಾಕುತ್ತೇನೆ. ಅದು ತಿರುಗಿ ಏನೂ ಅನ್ನುವುದಿಲ್ಲ.

ಪ್ರತಿ ಭಾನುವಾರ ಅಕ್ಕನ ಫೋನು ಬರುತ್ತಿತ್ತು.

"ಹೇಗಿದ್ದೀಯೇ?"

"ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ."

"ಕೆಲಸ?"

"ಕೈ ತುಂಬ ಇದೆ. ಉಸಿರಾಡೋಕೆ ಪುರುಸೊತ್ತಿಲ್ಲ."

"ಒಂದೆರಡು ದಿನ ಬರ್ಲಾ?"

"ಯಾಕೆ? ಬೇಡಪ್ಪ. ನೀನು ಇಲ್ಲಿ ಬಂದು ಕೂತ್ರೆ ಡಾಕ್ಟ್ರಿಗೆ ಊಟ ಯಾರು ಬಡಿಸ್ತಾರೆ?"

 "ಸರಿ, ಇಡ್ತೀನಿ" ಅನ್ನುತ್ತಿದ್ದಳು. ನಾನು ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದೆ. ಭಾನುವಾರ ಅನ್ನುವುದು ಬಹಳ ಉದ್ದದ ದಿನ.

ಹೀಗಿರುವಾಗ ಕೆಳಗಿನ ಮಹಡಿಯ ಟೈಲರಣ್ಣ ಮೆಟ್ಟಿಲು ಹತ್ತಿ ಬಂದರು. ಕತ್ತಿಗೆ ಅಳತೆಯ ಟೇಪು ನೇತುಹಾಕಿಕೊಂಡೇ ಬಂದಿದ್ದರು. ಅವರಿಗೆ ಅಕ್ಕ ದೊಡ್ಡ ಕೇಕಮ್ಮ, ನಾನು ಚಿಕ್ಕ ಕೇಕಮ್ಮ.

"ಚಿಕ್ಕ ಕೇಕಮ್ಮಾ, ಅಂಗಡಿ ಮುಚ್ತಾ ಇದ್ದೀನಿ" ಅಂದರು. "ಸೂಜಿಗೆ ದಾರ ಪೋಣಿಸೋಕೆ ಬೀದೀಲಿ ಹೋಗೋರನ್ನ ಕರೀಬೇಕಾಗಿದೆ, ಇನ್ನು ಸಾಕು. ಬರೋ ವಾರ ಶನಿವಾರ ಸಂಜೆ ಹಳೇ ಗಿರಾಕಿಗಳನ್ನೆಲ್ಲ ಕರೆದಿದ್ದೀನಿ. ಒಂದು ಕೇಕ್ ಬೇಕು. ಬಿಳಿ ಅಂಗಿ ಥರ. ಇಸ್ತ್ರಿ ಮಾಡಿ ಮಡಚಿಟ್ಟಿರ್ತಾರಲ್ಲ, ಹಾಗೆ. ಕಾಲರ್ ಎದ್ದು ನಿಂತಿರಬೇಕು, ಗುಂಡಿ ಇರಬೇಕು. ಜೀವಮಾನವೆಲ್ಲ ಅಂಗಿ ಹೊಲಿದೆ, ಒಂದನ್ನಾದ್ರೂ ತಿಂದು ಸೇಡು ತೀರಿಸ್ಕೋತೀನಿ."

ಕ್ರೀಮಿನಲ್ಲಿ ಅಂಗಿ ಆಗುವುದಿಲ್ಲ. ಫಾಂಡೆಂಟೇ ಬೇಕು, ಅದೂ ಬಟ್ಟೆಯಂತೆ ಮಡಚಿದರೆ ಮಡಚಿಕೊಳ್ಳಬೇಕು, ಮಡಿಕೆಯಲ್ಲಿ ಬಿರಿಯಬಾರದು, ನಿಲ್ಲಿಸಿದರೆ ಕುಸಿಯಬಾರದು. ಆಗಲ್ಲ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು, "ದೊಡ್ಡ ಕೇಕಮ್ಮ ಇಲ್ಲದೆ ಕಷ್ಟ ಆಗುತ್ತೇನೋ ಅಲ್ವಾ?" ಅಂದರು.

"ಯಾರು ಹೇಳಿದ್ದು ಕಷ್ಟ ಅಂತ? ಶನಿವಾರ ಮಧ್ಯಾಹ್ನ ಬಂದು ತಗೊಂಡು ಹೋಗಿ" ಅಂದುಬಿಟ್ಟೆ. ನನ್ನ ಬಾಯಿ ಯಾವತ್ತೂ ನನ್ನನ್ನು ಕೇಳಿ ಮಾತಾಡಿದ್ದಿಲ್ಲ.

ಅವರು ಇಳಿದುಹೋದ ಮೇಲೆ ಮೇಜಿನ ಮುಂದೆ ನಿಂತು ಯೋಚಿಸಿದೆ. ಈ ಅಂಗಿ ಬಂದರೆ ನಾನು ಒಬ್ಬಳೇ ಬದುಕಬಲ್ಲೆ ಅಂತಾಯಿತು. ಬರದಿದ್ದರೆ ಬೋರ್ಡು ಇಳಿಸಿ, ಅರ್ಧ ಕಸುಬು ಅಕ್ಕನ ಜೊತೆ ಹೋಯಿತು ಅಂತ ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳುವುದು ನನ್ನ ಜಾತಕದಲ್ಲೇ ಇಲ್ಲ.

ಮೊದಲನೇ ಸಲ ಅಕ್ಕ ಮಾಡುತ್ತಿದ್ದ ಹಾಗೆಯೇ ಮಾಡಿದೆ. ಮಾರ್ಷ್‌ಮ್ಯಾಲೋವನ್ನು ಬೋಗುಣಿಗೆ ಸುರಿದು, ಎರಡು ಚಮಚ ನೀರು ಚಿಮುಕಿಸಿ, ಮೈಕ್ರೋವೇವಿನಲ್ಲಿ ಕರಗಿಸಿದೆ. ಅದು ಉಬ್ಬಿ ಬೋಗುಣಿಯ ಅಂಚಿಗೆ ಬಂತು, ಕೈಯಾಡಿಸಿದರೆ ನೊರೆ ಇಳಿದು ನುಣ್ಣಗಾಯಿತು. ಜರಡಿ ಹಿಡಿದ ಸಕ್ಕರೆಯನ್ನು ಮೇಜಿನ ಮೇಲೆ ರಾಶಿ ಹಾಕಿ, ನಡುವೆ ಗುಳಿ ಮಾಡಿ ಅದನ್ನು ಸುರಿದೆ. ಎರಡೂ ಕೈಗೆ ಮೊಣಕೈವರೆಗೆ ವನಸ್ಪತಿ ತುಪ್ಪ ಸವರಿಕೊಂಡು ನಾದಲು ಶುರು ಮಾಡಿದೆ.

ಅಂಟು ಅಂದರೆ ಅಂಟು. ಬೆರಳಿಂದ ಬಿಡಿಸಿದರೆ ಅಂಗೈಗೆ, ಅಂಗೈಯಿಂದ ಬಿಡಿಸಿದರೆ ಮಣಿಕಟ್ಟಿಗೆ. ಮೂಗು ತುರಿಸಿತು, ಮೂಗಿಗೂ ಹತ್ತಿತು. ಸಕ್ಕರೆ ಹಾಕಿದೆ, ನಾದಿದೆ. ಇನ್ನೂ ಸಡಿಲ. ಮತ್ತೆ ಹಾಕಿದೆ. ಬೆಳಗಿನ ಹೊತ್ತು ಅಕ್ಕ ಕೊಡುತ್ತಿದ್ದ ಉಂಡೆ ಕೈಗೆ ಹೇಗಿರುತ್ತಿತ್ತು ಅನ್ನುವುದು ನನಗೆ ಚೆನ್ನಾಗಿ ನೆನಪಿದೆ, ಕಣ್ಣು ಕಟ್ಟಿದರೂ ಹೇಳಬಲ್ಲೆ. ಆ ಬಿಗುವು ಬರುವ ತನಕ ಬಿಡಲಿಲ್ಲ. ಕೊನೆಗೆ ಬಂತು. ಥೇಟ್ ಅಕ್ಕನ ಉಂಡೆ. "ಇದಕ್ಕೆ ಒಂದು ವಾರ ಕಲೀಬೇಕಂತೆ" ಅಂತ ಗಟ್ಟಿಯಾಗಿ ಹೇಳಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟು, ಜಂಬದಿಂದ ಮಲಗಿದೆ.

ಬೆಳಿಗ್ಗೆ ನೋಡಿದರೆ ಅದು ಉಂಡೆಯಲ್ಲ, ಮನೆ ಕಟ್ಟುವ ಸಾಮಾನು. ಹೆಬ್ಬೆರಳು ಒತ್ತಿದರೆ ಹೆಬ್ಬೆರಳೇ ನೋಯಿತು. ಮೈಕ್ರೋವೇವಿನಲ್ಲಿ ಬಿಸಿ ಮಾಡಿ ಹೇಗೋ ಲಟ್ಟಿಸಿದೆ. ಮೇಲೆಲ್ಲ ಗೀರು ಗೀರು. ನಮ್ಮ ಕಸುಬಿನಲ್ಲಿ ಇದಕ್ಕೆ ಆನೆ ಚರ್ಮ ಅನ್ನುತ್ತಾರೆ. ಕಾಲರ್ ಮಡಚಿದೆ, ಮಡಿಕೆಯ ಉದ್ದಕ್ಕೂ ಬಿರಿದು ಎರಡು ತುಂಡಾಗಿ ಬಿತ್ತು.

ಅದಕ್ಕೆ ನೀರು ಚಿಮುಕಿಸಿ ನಾದಿದೆ. ಮೇಲೆ ಅಂಟು, ಒಳಗೆ ಗಟ್ಟಿ. ಇನ್ನೂ ಚಿಮುಕಿಸಿದೆ, ಗಂಜಿಯಾಯಿತು. ಗಟ್ಟಿಯಾಗಲಿ ಅಂತ ಬುದ್ಧಿಗೇಡಿಯ ಹಾಗೆ ಫ್ರಿಜ್ಜಿನಲ್ಲಿಟ್ಟೆ. ಹೊರಗೆ ತೆಗೆದರೆ ಮೈಯೆಲ್ಲ ಬೆವರು. ಒಂದು ಸಲಕ್ಕೆ ಕಲಸಿದ ಆ ಲಾಟನ್ನೆಲ್ಲ ಎತ್ತಿ ಕಸದ ಬುಟ್ಟಿಗೆ ಹಾಕಿದೆ. ಸಕ್ಕರೆಯ ಕಸ ತುಂಬ ಭಾರ.

ಎರಡನೇ ಲಾಟಿಗೆ ಸಕ್ಕರೆ ಕಡಿಮೆ ಹಾಕಬೇಕು ಅಂತಲೇ ಶುರು ಮಾಡಿದೆ. ನಾದುತ್ತಾ ನಾದುತ್ತಾ ಕೈಯಲ್ಲಿ ಜೋತುಬೀಳುವುದನ್ನು ನೋಡಿ ಧೈರ್ಯ ಸಾಲಲಿಲ್ಲ. ಇದು ಅಕ್ಕನ ಉಂಡೆಯ ಹಾಗಿಲ್ಲವಲ್ಲ ಅಂತ ಇನ್ನೊಂದು ಹಿಡಿ, ಇನ್ನೊಂದು ಹಿಡಿ. ಬೆಳಿಗ್ಗೆ ಮತ್ತೆ ಅದೇ ಕತೆ.

ನಡುವೆ ಭಾನುವಾರ ಬಂತು.

"ಟೈಲರಣ್ಣನಿಗೆ ಅಂಗಿ ಮಾಡ್ತಿದ್ದೀಯಂತೆ, ಅವರೇ ಫೋನ್ ಮಾಡಿದ್ರು" ಅಂದಳು ಅಕ್ಕ. "ನನ್ನನ್ನೂ ಶನಿವಾರಕ್ಕೆ ಕರೆದ್ರು. ಹದ ಬಂತಾ?"

"ಬರದೆ ಏನು ರೋಗ? ಮೊದಲನೇ ಸಲಕ್ಕೇ ಬಂತು."

"ಹೌದಾ?" ಅಂದಳು. "ಮತ್ತೆ, ಬರ್ಲಾ?"

"ಒಂದು ಕೇಕಿಗೆ ಅಷ್ಟು ದೂರದಿಂದ ಯಾರಾದ್ರೂ ಬರ್ತಾರಾ? ಬೇಡ ಬಿಡು."

ಫೋನಿಟ್ಟ ಮೇಲೆ ಒಡೆದ ಕಾಲರುಗಳನ್ನು ನೋಡುತ್ತಾ ಕೂತೆ. ಬಾ ಅಂದಿದ್ದರೆ ಏನು ಗಂಟು ಹೋಗುತ್ತಿತ್ತು? ಆದರೆ ಬಾ ಅಂದರೆ ಬಂದು ಹದ ಮಾಡಿಕೊಟ್ಟು ಹೋಗುತ್ತಾಳೆ, ಹೋದ ಮೇಲೆ ಮನೆ ಇನ್ನಷ್ಟು ಬಣಗುಡುತ್ತದೆ. ಅದಕ್ಕಿಂತ ಈಗಿರುವುದೇ ವಾಸಿ ಅಂತ ನನಗೆ ನಾನೇ ಹೇಳಿಕೊಂಡೆ. ನನಗೆ ನಾನು ಹೇಳಿಕೊಂಡ ಮಾತನ್ನು ನಾನೇ ನಂಬಲಿಲ್ಲ.

ಮಂಗಳವಾರ ಟೈಲರಣ್ಣ ಗುಂಡಿ ಎಷ್ಟು ದೊಡ್ಡದಿರಬೇಕು ಅಂತ ತೋರಿಸಲು ಮೇಲೆ ಬಂದರು. ಮೇಜಿನ ಮೇಲೆ ಬಿದ್ದಿದ್ದ ಕಾಲರಿನ ತುಂಡು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು.

"ಇದು ಬಹಳ ವರ್ಷ ತೊಟ್ಟ ಅಂಗಿ ಥರ ಕಾಣ್ತಿದೆಯಲ್ಲಮ್ಮಾ" ಅಂದರು.

"ನಿಮಗೆ ಹೊಸದೇ ಕೊಡ್ತೀನಿ, ಅದನ್ನ ಅಲ್ಲಿಡಿ."

ಅವರು ಇಟ್ಟರು, ಆದರೆ ಹೋಗಲಿಲ್ಲ. ಅಕ್ಕನ ಕಡೆಯ ಸ್ಟೂಲಿನ ಮೇಲೆ ಕೂತು ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. "ಮುಂದಿನ ವಾರದಿಂದ ಬೆಳಿಗ್ಗೆ ಎದ್ದು ಏನು ಮಾಡೋದು ಅಂತಲೇ ಗೊತ್ತಾಗ್ತಿಲ್ಲ" ಅಂದರು. "ಮನೇಲಿ ಕೂತ್ರೆ ಗೋಡೆ ನನ್ನ ಮುಖ ನೋಡುತ್ತೆ, ನಾನು ಗೋಡೆ ಮುಖ ನೋಡ್ತೀನಿ."

"ಅಭ್ಯಾಸ ಆಗುತ್ತೆ" ಅಂದೆ.

"ನಿಮಗೆ ಆಯ್ತಾ?"

ನಾನು ಸಕ್ಕರೆ ಜರಡಿ ಹಿಡಿಯುವುದರಲ್ಲಿ ಮುಳುಗಿದವಳ ಹಾಗೆ ಮಾಡಿದೆ. ಅವರು ಇನ್ನೊಂದಿಷ್ಟು ಹೊತ್ತು ಕೂತು, ಮೊಣಕಾಲು ಹಿಡಿದುಕೊಂಡು ಎದ್ದು ಹೋದರು.

ಬುಧವಾರ ಸಂಜೆ ಮೂರನೇ ಲಾಟು. ಕರಗಿಸಿದ್ದಾಯಿತು, ಸುರಿದದ್ದಾಯಿತು, ನಾದುತ್ತಿದ್ದೆ. ಮತ್ತದೇ ಅಂಟು, ಮತ್ತದೇ ಜೋಲು. ಸಕ್ಕರೆಗೆ ಕೈ ಹಾಕಿದರೆ ಡಬ್ಬಿ ಖಾಲಿ. ಇನ್ನೊಂದು ಪೊಟ್ಟಣ ಮೇಲಿನ ಕಪಾಟಿನಲ್ಲಿತ್ತು, ಅದನ್ನು ತೆಗೆಯಲು ಅಂಟು ಕೈಯಲ್ಲಿ ಸ್ಟೂಲು ಎಳೆದೆ, ಸ್ಟೂಲು ಕೈಗೆ ಅಂಟಿಕೊಂಡಿತು. ಆಗ ನನಗೆ ತಲೆ ಕೆಟ್ಟುಹೋಯಿತು. "ಹಾಳಾಗಿ ಹೋಗು" ಅಂತ ಆ ಮುದ್ದೆಗೆ ಬೈದು, ಮೇಲೆ ವನಸ್ಪತಿ ಬಳಿದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಜಿನ ಮೇಲೆ ಎಸೆದು ಸ್ನಾನಕ್ಕೆ ಹೋದೆ. ಕಾಲರು ಬಾರದ ಅಂಗಿಯನ್ನೇ ಕೊಡುತ್ತೇನೆ, ಬೇಕಾದರೆ ತಿನ್ನಲಿ, ಬೇಡದಿದ್ದರೆ ಬಿಡಲಿ ಅಂದುಕೊಂಡೆ.

ಗುರುವಾರ ಬೆಳಿಗ್ಗೆ ಅದನ್ನು ಬಿಸಾಡಲೆಂದೇ ಎತ್ತಿಕೊಂಡೆ. ಎತ್ತಿಕೊಂಡವಳು ಹಾಗೇ ನಿಂತೆ. ಪ್ಲಾಸ್ಟಿಕ್ ಬಿಚ್ಚಿ ಹೆಬ್ಬೆರಳು ಒತ್ತಿದರೆ ಮೆಲ್ಲಗೆ ಇಳಿಯಿತು, ಗುರುತು ಹಾಗೇ ಉಳಿಯಿತು, ಬೆರಳಿಗೆ ಏನೂ ಅಂಟಲಿಲ್ಲ. ಒಂದು ತುಂಡು ಹಿಡಿದೆಳೆದೆ, ಹರಿಯದೆ ಉದ್ದವಾಯಿತು. ಲಟ್ಟಿಸಿದರೆ ಮೇಜಿನ ಮೇಲೆ ತಾನಾಗಿ ಹರಡಿಕೊಂಡಿತು. ಪಟ್ಟಿ ಕತ್ತರಿಸಿ ಕಾಲರ್ ಮಡಚಿ ನಿಲ್ಲಿಸಿದೆ. ನಿಂತಿತು. ಮಡಿಕೆಯ ಮೇಲೆ ಕಣ್ಣಿಟ್ಟು ನೋಡಿದೆ, ಕೂದಲೆಳೆಯಷ್ಟೂ ಬಿರುಕಿಲ್ಲ.

ಕುರ್ಚಿ ಎಳೆದುಕೊಂಡು ಕೂತು ಯೋಚಿಸಿದ ಮೇಲೆ ಅರ್ಥವಾಯಿತು. ಕರಗಿಸಿದಾಗಿನ ಬಿಸಿ ಒಂದು ಕಡೆ, ನನ್ನ ಕೈಯ ಬಿಸಿ ಇನ್ನೊಂದು ಕಡೆ. ಅಷ್ಟು ಬಿಸಿಯಲ್ಲಿ ಅದು ಸಡಿಲವಾಗಿಯೇ ಇರಬೇಕು. ರಾತ್ರಿ ಆರಿದ ಮೇಲೆ ತಾನೇ ಬಿಗಿಯುತ್ತದೆ. ನಾನು ಬಿಸಿಯಲ್ಲೇ ಬಿಗುವು ತರಲು ಹೋಗಿ ಸಕ್ಕರೆ ತುಂಬಿದ್ದೆ. ಅದಾದರೂ ಸರಿ. ಆದರೆ ಅಕ್ಕನ ಉಂಡೆ ಯಾಕೆ ಅಷ್ಟು ಗಟ್ಟಿ ಇರುತ್ತಿತ್ತು? ಅವಳಿಗೆ ಹದ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸರಿಯಾದ ಹದದ್ದನ್ನು ನನಗೆ ಕೊಟ್ಟಿದ್ದರೆ ಕಾಲು ಗಂಟೆಯಲ್ಲಿ ನನ್ನ ಅಂಗೈ ಅದನ್ನು ಗೊಜ್ಜು ಮಾಡುತ್ತಿತ್ತು. ಹೂವು, ಎಲೆ ಅಂತ ನಾನು ಇಡೀ ಬೆಳಿಗ್ಗೆ ಅದನ್ನು ಕೈಯಲ್ಲಿಟ್ಟುಕೊಂಡಿರುತ್ತಿದ್ದೆ. ಅದಕ್ಕೇ ಅವಳು ಬೇಕೆಂದೇ ಎರಡು ಹಿಡಿ ಹೆಚ್ಚು ಸಕ್ಕರೆ ಹಾಕಿ, ತೋಳು ಸೋಲುವ ತನಕ ನಾದಿ, ನನ್ನ ಕೈಗೆ ತಕ್ಕ ಹಾಗೆ ಗಟ್ಟಿ ಮಾಡುತ್ತಿದ್ದಳು. ಆ ಉಂಡೆ ಜಗತ್ತಿನಲ್ಲಿ ನನ್ನೊಬ್ಬಳಿಗೆ ಬಿಟ್ಟರೆ ಯಾರಿಗೂ ಉಪಯೋಗಕ್ಕೆ ಬರುವಂಥದ್ದಲ್ಲ. ಅದನ್ನು ಹಿಡಿದುಕೊಂಡು ನಾನು ಕಲ್ಲು ಕಲ್ಲು ಅಂತ ಬೈಯುತ್ತಿದ್ದೆ, ಅವಳು ಒಂದು ಸಲವೂ ಕಾರಣ ಹೇಳಲಿಲ್ಲ.

ಅತ್ತೆ. ಸುಮ್ಮನೆ ಯಾಕೆ ಸುಳ್ಳು ಹೇಳಲಿ, ಚೆನ್ನಾಗಿ ಅತ್ತೆ. ಅತ್ತು ಮುಗಿದ ಮೇಲೆ ಮುಖ ತೊಳೆದು ಬಂದೆ. ಕಾಲರ್ ಇನ್ನೂ ನಿಂತೇ ಇತ್ತು. ಕಿಟಕಿಯ ಕಡೆ ತಿರುಗಿ "ಅಕ್ಕಾ, ನೋಡೇ ಇಲ್ಲಿ" ಅಂದೆ. ಅಂದಮೇಲೆ ಗೊತ್ತಾಯಿತು ಏನು ಅಂದೆ ಅಂತ.

ನನಗೆ ಖುಷಿಯಾಗಬೇಕಿತ್ತು. ಒಬ್ಬಳೇ ಗೆದ್ದಿದ್ದೆ, ಬೋರ್ಡು ಇಳಿಸಬೇಕಾಗಿಲ್ಲ, ಯಾರ ಹಂಗೂ ಇಲ್ಲ. ಆದರೆ ಇಷ್ಟು ಚೆನ್ನಾಗಿ ಬಂದ ಹದಕ್ಕೆ ಹೆಬ್ಬೆರಳು ಒತ್ತಿ "ಹೂಂ" ಅನ್ನಲು ಒಬ್ಬರಿಲ್ಲ. ಟೈಲರಣ್ಣನನ್ನಾದರೂ ಕರೆಯೋಣ ಅಂತ ಕೆಳಗಿಳಿದೆ. ಅಂಗಡಿಗೆ ಬೀಗ. ಮತ್ತೆ ಮೇಲೆ ಬಂದೆ. ಇನ್ನು ಮೇಲೆ ಹೀಗೇ ಇರುತ್ತದೆ ಅಂತ ಆಗ ಅನ್ನಿಸಿತು. ನಾನು ಒಬ್ಬಳೇ ನಾದುತ್ತೇನೆ, ಒಬ್ಬಳೇ ಹೊದಿಸುತ್ತೇನೆ, ಎಲ್ಲ ಸರಿಯಾಗಿ ಬರುತ್ತದೆ. ಅಕ್ಕ ಇನ್ನು ಬರಬೇಕಾದ ಅಗತ್ಯವೇ ಇಲ್ಲ. 

ಫೋನು ತೆಗೆದೆ. ನಾನಾಗಿ ಅವಳಿಗೆ ಫೋನು ಮಾಡಿದ್ದು ಅದೇ ಮೊದಲು. ಹದ ಹೇಗೆ ಬಂತು ಅಂತ ಕೊಚ್ಚಿಕೊಳ್ಳಲೆಂದೇ ಮಾಡಿದ್ದು, ಆಣೆ ಮಾಡಿ ಹೇಳುತ್ತೇನೆ.

"ಏನೇ, ಏನಾಯ್ತು?" ಅಂದಳು. ಗುರುವಾರ ನನ್ನ ಫೋನು ಕಂಡು ಗಾಬರಿಯಾಗಿದ್ದಳು.

"ಹದ ಬರ್ತಿಲ್ಲ ಅಕ್ಕ" ಅಂದೆ.

"ಬಂತು ಅಂದ್ಯಲ್ಲ?"

"ಸುಳ್ಳು ಹೇಳಿದೆ. ಮೂರು ಸಲ ಮಾಡಿದೆ, ಕಲ್ಲಾಗುತ್ತೆ. ಬಾ."

"ನಾಳೆ ಬೆಳಗಿನ ಬಸ್ಸಿಗೇ ಹೊರಡ್ತೀನಿ" ಅಂದಳು. ಒಂದು ಮಾತು ಹೆಚ್ಚು ಕೇಳಲಿಲ್ಲ.

ಫೋನಿಟ್ಟ ಮೇಲೆ ಬುದ್ಧಿ ಬಂತು. ಮೇಜಿನ ಮೇಲೆ ಹದವಾದ ಉಂಡೆ ಕೂತಿದೆ, ಕಾಲರ್ ಎದೆಯುಬ್ಬಿಸಿ ನಿಂತಿದೆ. ಅಕ್ಕ ಬಾಗಿಲು ದಾಟುತ್ತಿದ್ದ ಹಾಗೇ ಎಲ್ಲ ಬಯಲಾಗುತ್ತದೆ. ಇಷ್ಟು ದಿನ ಹದ ತರಲು ಒದ್ದಾಡಿದವಳು ಈಗ ಹದ ಕೆಡಿಸಲು ನಿಂತೆ. ಕಪಾಟಿನಿಂದ ಹೊಸ ಪೊಟ್ಟಣ ತೆಗೆದೆ. ಹಾಕಲು ಕೈ ಬರಲಿಲ್ಲ, ಸ್ವಲ್ಪ ಹೊತ್ತು ಆ ಉಂಡೆಯನ್ನು ಸವರಿದೆ. ಆಮೇಲೆ ಕಾಲರನ್ನೂ ಅದರೊಳಗೇ ಸೇರಿಸಿ, ಹಿಡಿ ಹಿಡಿ ಸಕ್ಕರೆ ಸುರಿದು ನಾದಿದೆ. ಗಟ್ಟಿಯಾಗಲು ತಡವಾಗಲಿಲ್ಲ, ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಅಕ್ಕ ಬಂದಳು. ಸ್ವಲ್ಪ ತೆಳ್ಳಗಾಗಿದ್ದಳು, ಕೂದಲು ಗಿಡ್ಡ ಮಾಡಿಸಿಕೊಂಡಿದ್ದಳು, ಅದು ಅವಳಿಗೆ ಒಪ್ಪುತ್ತಿತ್ತು. ಹೇಳಲಿಲ್ಲ. "ಊಟ ಮಾಡು ಮೊದಲು" ಅಂದೆ. "ಮೊದಲು ಅದನ್ನ ತೋರಿಸು" ಅಂದಳು. ಗಡಿಯಾರ ಬಿಚ್ಚಿ ಕಿಟಕಿಯ ಮೇಲಿಟ್ಟು, ಕೈ ತೊಳೆದು, ತನ್ನ ಕಡೆಗೆ ಹೋಗಿ ನಿಂತಳು. ಯಾರೂ ಒಂದು ದಿನವೂ ಆ ಜಾಗ ಬಿಟ್ಟು ಹೋಗಿಲ್ಲವೇನೋ ಅನ್ನುವ ಹಾಗೆ.

ಉಂಡೆಗೆ ಹೆಬ್ಬೆರಳು ಒತ್ತಿದಳು. ಹುಬ್ಬು ಗಂಟಿಕ್ಕಿದಳು. ಚಾಕು ತೆಗೆದುಕೊಂಡು ನಡುವೆ ಸೀಳಿದಳು. ಒಳಗೆ ಬಿಳಿ ಸಕ್ಕರೆ ಎಳೆ ಎಳೆಯಾಗಿ ಕೂತಿತ್ತು, ಕರಗಿ ಬೆರೆತಿರಲಿಲ್ಲ. ಚೂರು ಕಿತ್ತು ಬಾಯಿಗೆ ಹಾಕಿಕೊಂಡು ಮುಂದಿನ ಹಲ್ಲಿನಲ್ಲಿ ಕಡಿದಳು. ನಾನು ಸಾರಿನ ಪಾತ್ರೆಯ ಮುಚ್ಚಳ ತೆಗೆದು ಸುಮ್ಮನೆ ಒಳಗೆ ನೋಡುತ್ತಿದ್ದೆ.

"ಪುಟ್ಟಿ" ಅಂದಳು. "ಇದು ಹದ ಬಂದಿತ್ತು ಕಣೇ."

ನಾನು ಸೌಟು ಹಾಕಿ ಸಾರು ತಿರುವಿದೆ.

"ಬಿಸಿಯಲ್ಲಿ ಹಾಕಿದ ಸಕ್ಕರೆ ಹೀಗೆ ಎಳೆ ಎಳೆ ನಿಲ್ಲಲ್ಲ. ಇದು ಆರಿ, ಹದಕ್ಕೆ ಬಂದ ಮೇಲೆ ಹಾಕಿದ್ದು. ಬಹಳ ಚೆನ್ನಾಗಿ ಬಂದಿತ್ತು. ಆಮೇಲೆ ಯಾಕೆ ಹಾಕ್ದೆ?"

ಜಗಳಕ್ಕೆ ಒಂದು ಮಾತು ಹುಡುಕಿದೆ. ಯಾವಾಗಲೂ ನಾಲಿಗೆಯ ತುದಿಯಲ್ಲೇ ಇರುತ್ತಿದ್ದವು, ಅವತ್ತು ಒಂದೂ ಸಿಗಲಿಲ್ಲ. ಮುಚ್ಚಳ ಕೆಳಗಿಟ್ಟೆ.

"ಹದ ಬಂತು ಅಂದಿದ್ರೆ ನೀನು ಯಾಕೆ ಬರ್ತಿದ್ದೆ?" ಅಂದೆ.  "ನನಗೆ ಒಬ್ಬಳಿಗೇ ಇರೋಕೆ ಆಗ್ತಿಲ್ಲ ಅಕ್ಕ."

ಅವಳು ಚಾಕು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಪ್ರತಿ ಭಾನುವಾರ ಬರ್ಲಾ ಬರ್ಲಾ ಅಂತ ನಾನು ಕೇಳ್ತಿದ್ದದ್ದು ನಿನಗೆ ಹದ ಕಲಿಸೋಕೆ ಅಂದ್ಕೊಂಡ್ಯಾ?" ಅಂದಳು. "ಬೆಳಿಗ್ಗೆ ಅವರು ಕ್ಲಿನಿಕ್ಕಿಗೆ ಹೋದ್ರೆ ಬರೋದು ಕತ್ತಲಾದ ಮೇಲೆ. ಅವರಮ್ಮನಿಗೆ ಕಿವಿ ಕೇಳಲ್ಲ. ಅಷ್ಟು ದೊಡ್ಡ ಮನೇಲಿ ನನ್ನ ಜೊತೆ ಜಗಳ ಆಡೋರು ಒಬ್ಬರಿಲ್ಲ. ನೀನು ಬೇಡ ಅಂದ ದಿನವೆಲ್ಲ ನನಗೆ ಊಟ ಸೇರ್ತಿರಲಿಲ್ಲ."

 ಕೆಳಗೆ ಟೈಲರಣ್ಣನ ಮೆಷಿನ್ನು ಸ್ವಲ್ಪ ಓಡಿ ನಿಂತಿತು, ಮತ್ತೆ ಓಡಿತು. ಸಾರು ಉಕ್ಕಿತು, ನಾನು ಒಲೆ ಸಣ್ಣ ಮಾಡಿದೆ. ಅಕ್ಕ ಸೀಳಿದ ಉಂಡೆಯ ಎರಡು ಅರ್ಧವನ್ನೂ ಸೇರಿಸಿ ಪಕ್ಕಕ್ಕಿಟ್ಟು, ಹೊಸ ಲಾಟಿಗೆ ಬೋಗುಣಿ ಕೆಳಗಿಳಿಸಿದಳು.

"ಎಷ್ಟು ದಿನ ಇರ್ತೀಯ?" ಅಂತ ಕೇಳಿದೆ.

"ನಾಳೆ ಟೈಲರಣ್ಣನ ಪಾರ್ಟಿ ಮುಗಿಸ್ಕೊಂಡು ಕೊನೇ ಬಸ್ಸಿಗೆ ಹೋಗ್ಬೇಕು" ಅಂದಳು. "ಮುಂದಿನ ಸಲ ಸಕ್ಕರೆ ದಂಡ ಮಾಡಬೇಡ. ಬಾ ಅನ್ನು, ಸಾಕು."